ಟೆಕ್ಸಾಸ್‌ನಲ್ಲಿ ಹೊಡೆದ ನೂರು ಕಿಲೋ ದಾಟಿದ ಕಾಡುಹಂದಿಯ ಮಾಂಸ ತಿನ್ನಲು ಚೆನ್ನಾಗಿರುತ್ತದೆಯೇ?

ಹೆಣ್ಣಾದರೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಗಂಡಾದರೆ ಮೊದಲು ಮೂಸಿ ನೋಡಿ. ಬಲಿತ ಗಂಡಿನ ಕೊಬ್ಬಿನಲ್ಲಿ ಆಂಡ್ರೋಸ್ಟೆನೋನ್, ಸ್ಕಟೋಲ್ ಎಂಬ ರಾಸಾಯನಿಕಗಳು ಸೇರಿಕೊಂಡು ಮೂತ್ರದಂಥ ನಾತ ಹೊಡೆಯುತ್ತದೆ, ಬಿಸಿ ತಗುಲಿದರೆ ಇನ್ನೂ ಜೋರು. ಒಂದು ಚೂರು ಕೊಬ್ಬನ್ನು ಕಾದ ಬಾಣಲೆಗೆ ಹಾಕಿದರೆ ಗೊತ್ತಾಗುತ್ತದೆ. ಇಬ್ಬರು ಮೂಸಿದರೆ ಒಳ್ಳೆಯದು, ಕೆಲವರ ಮೂಗಿಗೆ ಈ ವಾಸನೆ ಹತ್ತುವುದೇ ಇಲ್ಲ! ನಾತ ಬಂದರೆ ಯಾವ ಮಸಾಲೆಯೂ ಅದನ್ನು ಪೂರ್ತಿ ಮುಚ್ಚದು. ರುಚಿ ಮುಖ್ಯವಾದರೆ 30–50 ಕಿಲೋದ ಹೆಣ್ಣೇ ಮೇಲು.

ಈಡು ಹೊಟ್ಟೆಗೆ ಬಿದ್ದು ಕರುಳು ಒಡೆದರೆ ಅದರ ಹೊಲಸು ತಾಗಿದ ಮಾಂಸ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ಗುರಿ ಹೃದಯಕ್ಕಿರಲಿ; ಹಂದಿಯ ಹೃದಯ ಮುಂಗಾಲಿನ ನೇರಕ್ಕೆ, ಎದೆಯ ಕೆಳಭಾಗದಲ್ಲಿರುತ್ತದೆ. ಗಂಡಿನ ಭುಜದ ಮೇಲೆ ಗುರಾಣಿಯಂಥ ಗಟ್ಟಿ ಪದರವೊಂದಿರುತ್ತದೆ, ಅದನ್ನು ಕೊಯ್ದು ಬಿಸಾಡಿ.

ಗ್ಲೌಸ್ ಇಲ್ಲದೆ ಕೈ ಹಾಕಬೇಡಿ, ಬ್ರೂಸೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಅಂಟಬಹುದು. ಬೇಗ ಕರುಳು ತೆಗೆದು, ಒಡಲಿಗೆ ಐಸ್ ತುಂಬಿ 4 ಡಿಗ್ರಿಗೆ ಇಳಿಸಿ. ಬೇಯಿಸುವಾಗ ಮಾಂಸದ ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಫ್ರೀಜರ್‌ನಲ್ಲಿಟ್ಟ ಮಾತ್ರಕ್ಕೆ ಟ್ರೈಕಿನೆಲ್ಲಾ ಹುಳು ಸಾಯುತ್ತದೆಂದು ನಂಬಬೇಡಿ.

ಅಂದಹಾಗೆ, ಇದು ಟೆಕ್ಸಾಸ್ ಮಾತು. ನಮ್ಮಲ್ಲಿ ಅನುಮತಿಯಿಲ್ಲದೆ ಕಾಡುಹಂದಿ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.