ಓದುಗರ ಪ್ರಶ್ನೆ: ಐದು ನಿಮಿಷ ಉಳಿಸಿದರೆ ಒಂದು ಬಸ್ಸು

ನಗರ ಸಾರಿಗೆ ಯೋಜನೆಯಲ್ಲಿ ಜನರ ಪಾಲು ಎಷ್ಟು, ಹೇಗೆ ಎಂಬ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇವೆ. ವೇಳಾಪಟ್ಟಿ, ಸಮೀಕ್ಷೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಬಡಾವಣೆಯಿಂದ ಸಿಬಿಟಿಗೆ (ನಗರ ಬಸ್ ನಿಲ್ದಾಣಕ್ಕೆ) ಹತ್ತು ನಿಮಿಷಕ್ಕೊಂದು ಬಸ್ ಬೇಕೆಂದು ಓಣಿಯವರೆಲ್ಲ ಸಹಿ ಹಾಕಿ ಮನವಿ ಕೊಟ್ಟೆವು. ‘ವಾಹನಗಳ ಕೊರತೆ ಇದೆ, ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬಂತು. ಮುಂದೇನು ಮಾಡಬೇಕು?
— ಗೋಕುಲ ರಸ್ತೆ, ಹುಬ್ಬಳ್ಳಿ

ಸಹಿಗಳ ಜೊತೆ ಒಂದು ಲೆಕ್ಕವನ್ನೂ ಕೊಡಬೇಕಿತ್ತು. ಅದು ಮೂರನೇ ತರಗತಿಯ ಭಾಗಾಕಾರ. ಬಸ್ಸು ಹೋಗಿ ಬಂದು ಮತ್ತೆ ಹೊರಡುವುದಕ್ಕೆ ಹಿಡಿಯುವ ಒಟ್ಟು ಸಮಯವನ್ನು ಎರಡು ಬಸ್ಸುಗಳ ನಡುವಿನ ಅಂತರದಿಂದ ಭಾಗಿಸಿದರೆ ಎಷ್ಟು ಬಸ್ಸು ಬೇಕೆಂದು ಸಿಗುತ್ತದೆ.

ನಿಮ್ಮ ದಾರಿ 8 ಕಿ.ಮೀ. ಇದೆ ಎನ್ನೋಣ. ನಿಂತು ನಿಂತು ಸಾಗುವ ಊರ ಬಸ್ಸಿಗೆ ಹೋಗಲು 35 ನಿಮಿಷ, ಬರಲು 35, ಎರಡೂ ತುದಿಯಲ್ಲಿ ಐದೈದು ನಿಮಿಷ ಬಿಡುವು. ಒಟ್ಟು 80. ಹತ್ತು ನಿಮಿಷಕ್ಕೊಂದು ಎಂದರೆ 8 ಬಸ್ಸು, ಕೆಟ್ಟರೆ ಬದಲಿಗೆಂದು ಇನ್ನೊಂದು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎರಡು ಪಾಳಿ ಓಡಿಸಲು 16 ಚಾಲಕರು, 16 ನಿರ್ವಾಹಕರು. ವಾರದ ರಜೆ, ರೋಗ-ರುಜಿನಕ್ಕೆ ಹೆಚ್ಚುವರಿ ಜನ ಬೇರೆ. ‘ಮಧ್ಯಾಹ್ನ ಕಡಿಮೆ ಮಾಡಿ’ ಎಂದು ಸಭೆಗಳಲ್ಲಿ ಹೇಳುವುದುಂಟು. ಅದರಿಂದ ಡೀಸೆಲ್ ಉಳಿಯುತ್ತದೆ, ಬಸ್ಸು ಉಳಿಯುವುದಿಲ್ಲ. ಬೆಳಗಿನ ದಟ್ಟಣೆಗೆ ಎಷ್ಟು ಬೇಕೋ ಅಷ್ಟನ್ನು ಘಟಕ ಇಟ್ಟುಕೊಂಡೇ ಇರಬೇಕು.

ಈಗ ಹದಿನೈದು ನಿಮಿಷಕ್ಕೊಂದು ಕೇಳಿ ನೋಡಿ. 80 ಭಾಗಿಸು 15, ಐದೂ ಕಾಲಿಗೆ ಸ್ವಲ್ಪ ಹೆಚ್ಚು. ಕಾಲು ಬಸ್ಸು ಓಡಿಸಲಾಗದು, ಆರು ಬೇಕು. ಆದರೆ ಆ 80 ನಿಮಿಷವನ್ನು 75ಕ್ಕೆ ಇಳಿಸಿದರೆ ಐದೇ ಸಾಕು. ಐದು ನಿಮಿಷಕ್ಕೆ ಒಂದು ಇಡೀ ಬಸ್ಸು, ನಾಲ್ಕು ಜನ ಸಿಬ್ಬಂದಿ! ಆ ಐದು ನಿಮಿಷ ನಿಮ್ಮ ಬಡಾವಣೆಯಲ್ಲೇ ಕಳೆದುಹೋಗುತ್ತಿರಬಹುದು: ತಿರುವಿನಲ್ಲಿ ಅಡ್ಡ ನಿಲ್ಲಿಸಿದ ಕಾರು, ಬಸ್ ಹಿಂದೆ-ಮುಂದೆ ಮಾಡಿಯೇ ತಿರುಗಬೇಕಾದ ಕಿರಿದಾದ ಕೊನೆಯ ನಿಲ್ದಾಣ, ನೂರೈವತ್ತು ಮೀಟರಿಗೊಂದು ನಿಲುಗಡೆ. ಊರೊಳಗೆ ನಿಲುಗಡೆಗಳ ನಡುವೆ 300ರಿಂದ 500 ಮೀಟರ್ ಅಂತರ ಸಾಕು. ಕೈಗಡಿಯಾರ ಹಿಡಿದು ಮೂರು ದಿನ ಅದೇ ಬಸ್ಸಿನಲ್ಲಿ ಓಡಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಬರೆದುಕೊಳ್ಳಿ. ‘ಬಸ್ ಬಿಡಿ’ ಎಂಬ ಮನವಿಗಿಂತ ‘ಈ ಮೂರು ತಿರುವು ತೆರವು ಮಾಡಿಸುತ್ತೇವೆ, ಈ ಎರಡು ನಿಲುಗಡೆ ಕೂಡಿಸಲು ನಮ್ಮ ಒಪ್ಪಿಗೆ ಇದೆ’ ಎಂಬ ಮನವಿಗೆ ತೂಕ ಹೆಚ್ಚು. ಅದನ್ನು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಹುಬ್ಬಳ್ಳಿ-ಧಾರವಾಡ ನಗರ ವಿಭಾಗಕ್ಕೂ ತಿರುವಿನ ಭಾಗವನ್ನು ಪಾಲಿಕೆಗೂ ಸಂಚಾರ ಪೊಲೀಸರಿಗೂ ಪ್ರತ್ಯೇಕವಾಗಿ ಕೊಡಿ. ಒಂದೇ ಕಾಗದವನ್ನು ಮೂವರಿಗೂ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

‘ಬಸ್ಸು ನಮ್ಮ ಓಣಿಯೊಳಗೂ ಒಂದು ಸುತ್ತು ಹಾಕಲಿ’ ಎಂಬ ಬೇಡಿಕೆಗೂ ಇದೇ ತಕ್ಕಡಿ. ಸುತ್ತಿಗೆ ನಾಲ್ಕು ನಿಮಿಷ, ಒಳಗೆ ಕುಳಿತವರು ನಲವತ್ತು ಜನ. ಒಟ್ಟು 160 ನಿಮಿಷ ಪರರದು. ಆರು ಜನಕ್ಕೆ ಹತ್ತು ಹತ್ತು ನಿಮಿಷದ ನಡಿಗೆ ತಪ್ಪಿದರೆ ಉಳಿದದ್ದು 60. ಆಸ್ಪತ್ರೆ, ಅಂಗವಿಕಲರ ಶಾಲೆ ಇದ್ದ ಕಡೆ ಮಾತ್ರ ಈ ಲೆಕ್ಕ ಬದಿಗಿಡಬಹುದು.

ಪ್ರಶ್ನೆ: ಗದಗ-ಬೆಟಗೇರಿ ನಡುವೆ ಎಷ್ಟು ಜನ ಓಡಾಡುತ್ತಾರೆ ಎಂದು ಕಾಲೇಜು ಹುಡುಗರನ್ನು ಕಟ್ಟಿಕೊಂಡು ನಾವೇ ಎಣಿಸಬೇಕೆಂದಿದ್ದೇವೆ. ಟಿಕೆಟ್ ಯಂತ್ರದಲ್ಲೇ ಲೆಕ್ಕ ಇರುತ್ತದಲ್ಲ, ಎಣಿಕೆ ಯಾಕೆ ಎನ್ನುತ್ತಾರೆ ಕೆಲವರು.
— ಬೆಟಗೇರಿ

ಯಂತ್ರದ ಲೆಕ್ಕ ಕೇಳಿ ಪಡೆಯಿರಿ, ಆದರೆ ಅದನ್ನೇ ನಂಬಬೇಡಿ. ಅದು ಬರೆದಿಡುವುದು ಸ್ಟೇಜಿನಿಂದ ಸ್ಟೇಜಿಗೆ, ಅಂದರೆ ಟಿಕೆಟ್ ದರ ಲೆಕ್ಕ ಹಾಕುವ ಹಂತದಿಂದ ಹಂತಕ್ಕೆ. ಒಂದು ಸ್ಟೇಜಿನಲ್ಲಿ ಎರಡು-ಮೂರು ನಿಲುಗಡೆ ಅಡಗಿರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಬಂದ ಮೇಲೆ ಮಹಿಳೆಯರ ಪಯಣ ಲೆಕ್ಕಕ್ಕೆ ಸಿಗುತ್ತಿದೆ, ಅದು ಒಳ್ಳೆಯದೇ. ಆದರೆ ಪಾಸ್ ತೋರಿಸಿ ಕೂರುವ ವಿದ್ಯಾರ್ಥಿಗೆ ಪ್ರತಿ ಪಯಣಕ್ಕೂ ಟಿಕೆಟ್ ಹರಿಯುವುದಿಲ್ಲ. ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದವರು ಯಾರು ಎಂದು ನೋಡಿದರೆ ಯಂತ್ರ ಯಾರನ್ನು ಬಿಟ್ಟಿದೆ ಎಂದು ತಿಳಿಯುತ್ತದೆ. ಹತ್ತಲಾಗದೆ ನಿಲ್ದಾಣದಲ್ಲೇ ಉಳಿದವರಂತೂ ಯಾವ ಯಂತ್ರದಲ್ಲೂ ಇಲ್ಲ.

ಬಸ್ಸಿಗೆ ಇಬ್ಬರು, ಬಾಗಿಲಿಗೊಬ್ಬರು. ಹಾಳೆಯಲ್ಲಿ ಆರು ಕಾಲಂ: ನಿಲುಗಡೆ, ಸಮಯ, ಹತ್ತಿದವರು, ಇಳಿದವರು, ಒಳಗಿರುವವರು, ಬಿಟ್ಟುಹೋದವರು. ‘ಮುಳಗುಂದ ನಾಕಾ, 8.42, 11, 4, 53, 6’ — ಹೀಗೆ ಒಂದು ಸಾಲು. ಹೊರಡುವ ಮುನ್ನ ಎಲ್ಲರ ಗಡಿಯಾರ ಒಂದೇ ಸಮಯ ತೋರಿಸಲಿ. ಕೊನೆಯ ನಿಲುಗಡೆಯಲ್ಲಿ ಹತ್ತಿದವರ ಮೊತ್ತವೂ ಇಳಿದವರ ಮೊತ್ತವೂ ಸಮ ಬರಬೇಕು. ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಹಾಳೆ ಪಕ್ಕಕ್ಕಿಡಿ. ತಿದ್ದಿ ಸರಿ ಮಾಡಲು ಹೋಗಬೇಡಿ. ಮಂಗಳವಾರದಿಂದ ಗುರುವಾರದೊಳಗೆ ಎರಡು ದಿನ ಎಣಿಸಿ. ಸಂತೆಯ ದಿನ ಬೇರೆಯಾಗಿಯೇ ಎಣಿಸಿ, ಉಳಿದ ದಿನಗಳ ಜೊತೆ ಕೂಡಿಸಿ ಸರಾಸರಿ ತೆಗೆದರೆ ಎರಡೂ ಸುಳ್ಳಾಗುತ್ತವೆ. ಮೇ ತಿಂಗಳು, ಪರೀಕ್ಷೆ, ಜಾತ್ರೆ ಬೇಡ.

ಬಹಳ ಸಮೀಕ್ಷೆಗಳು ಮರೆಯುವುದು ಟಂಟಂಗಳನ್ನು. ಒಂದು ಮೂಲೆಯಲ್ಲಿ ನಿಂತು ಹಾದುಹೋಗುವ ಶೇರ್ ಆಟೊಗಳನ್ನು ತಾಸುಗಟ್ಟಲೆ ಎಣಿಸಿ, ಒಳಗಿನ ತಲೆ ಎಣಿಸಿ. ಬಸ್ಸು ಖಾಲಿ ಓಡುವ ದಾರಿಯಲ್ಲಿ ಟಂಟಂ ತುಂಬಿ ಓಡುತ್ತಿದ್ದರೆ ಅಲ್ಲಿ ಜನ ಇಲ್ಲವೆಂದಲ್ಲ, ಬಸ್ಸಿನ ಹೊತ್ತು ತಪ್ಪಿದೆ.

ಪ್ರಶ್ನೆ: ಸಾರಿಗೆ ಬಗ್ಗೆ ವಾರ್ಡ್ ಸಭೆ ಕರೆದರೆ ನಿವೃತ್ತರು ನಾಲ್ಕು ಜನ ಬರುತ್ತಾರೆ. ಅವರೆಲ್ಲ ಸ್ಕೂಟರಿನಲ್ಲಿ ಬಂದವರು. ಬಸ್ಸಿನಲ್ಲಿ ಓಡಾಡುವವರನ್ನು ಸೇರಿಸುವುದು ಹೇಗೆ?
— ನವನಗರ

ಸಭೆಯನ್ನು ಅವರಿರುವಲ್ಲಿಗೆ ಒಯ್ಯಿರಿ. ಬೆಳಿಗ್ಗೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಕರೆದರೆ ಮನೆಗೆಲಸದವರು, ತರಕಾರಿ ಮಾರುವವರು, ಕಾರ್ಖಾನೆಯವರು ಯಾರೂ ಬರುವಂತಿಲ್ಲ. ದುರ್ಗದ ಬೈಲಿನ ಅಂಚು, ಕಿಮ್ಸ್ ಹೊರರೋಗಿ ವಿಭಾಗದ ಹೊರಗೆ, ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡುವ ಹೊತ್ತು: ಒಂದೊಂದು ಕಡೆ ಎರಡು ತಾಸು ಸಾಕು.

1:5000 ಅಳತೆಯ ನಕ್ಷೆ ದೊಡ್ಡದಾಗಿ ಮುದ್ರಿಸಿಕೊಳ್ಳಿ. ಅದರಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 100 ಮೀಟರ್. ಬೀದಿಗಳ ಹೆಸರಿಗಿಂತ ಗುಡಿ, ಮಸೀದಿ, ಗಿರಣಿ, ನೀರಿನ ಟ್ಯಾಂಕ್ ಬರೆದಿರಲಿ. ಜನ ದಾರಿ ಹೇಳುವುದು ಹಾಗೆಯೇ. ಮಾರುಕಟ್ಟೆಯಿಂದ ಎರಡು ಬಣ್ಣದ ಟಿಕಳಿ ಪ್ಯಾಕೆಟ್ ತನ್ನಿ. ಕೆಂಪು ಟಿಕಳಿ ಮನೆಗೆ, ಹಸಿರು ಹೋಗುವ ಜಾಗಕ್ಕೆ. ಓದು ಬಾರದವರೂ ಅಂಟಿಸುತ್ತಾರೆ, ಪೆನ್ನು ಕೊಟ್ಟರೆ ಹಿಂದೆ ಸರಿಯುವವರು ಟಿಕಳಿ ಕೊಟ್ಟರೆ ಮುಂದೆ ಬರುತ್ತಾರೆ. ‘ಬಸ್ ಬೇಕೇನ್ರಿ?’ ಎಂದು ಕೇಳಬೇಡಿ, ಬೇಡ ಎನ್ನುವವರು ಯಾರು? ‘ನಿನ್ನೆ ಎಲ್ಲಿಗೆ ಹೋಗಿದ್ರಿ, ಎಷ್ಟೊತ್ತಿಗೆ ಮನಿ ಬಿಟ್ರಿ, ಎಷ್ಟೊತ್ತು ನಿಂತ್ರಿ, ಎಷ್ಟು ರೊಕ್ಕ ಹೋತು’ ಎಂದು ಕೇಳಿ.

ಆಮೇಲೆ ಹುಣಸೆ ಬೀಜದ ಆಟ. ಗುಂಪಿಗೆ ಎಂಟು ಬೀಜ ಕೊಡಿ, ಒಂದು ಬೀಜ ಒಂದು ಬಸ್ಸು. ನಾಲ್ಕು ದಾರಿಗೆ ಅವರೇ ಹಂಚಲಿ. ಒಂದು ಓಣಿಗೆ ಎರಡಿಟ್ಟರೆ ಇನ್ನೊಂದು ಓಣಿಯಿಂದ ಎತ್ತಬೇಕು. ಅರ್ಧ ತಾಸಿನ ಜಗಳದಲ್ಲಿ ಸಲಹೆಗಾರರ ಇನ್ನೂರು ಪುಟದ ವರದಿಯಲ್ಲಿ ಸಿಗದ ಆದ್ಯತೆಗಳು ಹೊರಬರುತ್ತವೆ.

82 ವಾರ್ಡುಗಳ ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ ವಾರ್ಡ್ ಸಮಿತಿಯನ್ನೂ ಬಳಸಿಕೊಳ್ಳಿ: 1976ರ ಪೌರ ನಿಗಮಗಳ ಕಾಯ್ದೆಯಡಿ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು. ಬಂದ ಸಲಹೆಗಳಿಗೆಲ್ಲ ಕ್ರಮಸಂಖ್ಯೆ ಹಾಕಿ ‘ಒಪ್ಪಿದೆ’, ‘ಒಪ್ಪಿಲ್ಲ, ಕಾರಣ ಇದು’ ಎಂದು ಬರೆದು ಅದೇ ನಿಲ್ದಾಣದಲ್ಲಿ ಅಂಟಿಸಿ. ಇದನ್ನು ಬಿಟ್ಟರೆ ಎರಡನೇ ಸಲ ಟಿಕಳಿ ಅಂಟಿಸಲು ಯಾರೂ ಬರುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿಗೆಂದೇ ಮೀಸಲಿಟ್ಟ ಪಥ ಸದಾ ಖಾಲಿ, ಪಕ್ಕದಲ್ಲಿ ನಾವು ಸಿಕ್ಕಿಬಿದ್ದಿರುತ್ತೇವೆ. ಎಲ್ಲ ವಾಹನಗಳಿಗೂ ಬಿಡಲಿ ಎಂದು ಸಭೆಯಲ್ಲಿ ಠರಾವು ಮಾಡಬಾರದೇಕೆ?
— ಸತ್ತೂರು, ಧಾರವಾಡ

ಖಾಲಿ ಕಾಣುವುದು ಪಥದ ಗುಣ, ದೋಷವಲ್ಲ. ಗಂಟೆಗೆ 30 ಕಿ.ಮೀ. ವೇಗದ ಬಸ್ಸು ಒಂದೂವರೆ ನಿಮಿಷಕ್ಕೊಂದು ಬಂದರೂ ಎರಡರ ನಡುವೆ ಮುಕ್ಕಾಲು ಕಿ.ಮೀ. ಬರಿದಾಗಿರುತ್ತದೆ. ಬಸ್ಸಿಗೆ 50 ಜನರಂತೆ ಗಂಟೆಗೆ 2,000 ಜನ. ಕಾರಿಗೆ ಒಂದೂವರೆ ಜನ ಎಂದಿಟ್ಟುಕೊಂಡರೂ ಇಷ್ಟು ಜನಕ್ಕೆ 1,300ಕ್ಕೂ ಹೆಚ್ಚು ಕಾರು ಬೇಕು. ಸಿಗ್ನಲ್ ಇರುವ ಊರ ರಸ್ತೆಯ ಒಂದು ಪಥದಲ್ಲಿ ಗಂಟೆಗೆ ಅಷ್ಟು ಕಾರು ದಾಟವು. ನೀವು ಸಿಕ್ಕಿಬೀಳುವುದು ರಸ್ತೆಯ ಉದ್ದಕ್ಕಲ್ಲ, ಜಂಕ್ಷನ್ನಿನಲ್ಲಿ. ಅಲ್ಲಿ ಹಸಿರು ದೀಪದ ಸೆಕೆಂಡುಗಳು ಅಷ್ಟೇ ಇರುತ್ತವೆ.

ಮೊದಲ ಪ್ರಶ್ನೆಯ ಭಾಗಾಕಾರ ಇಲ್ಲಿಗೂ ತನ್ನಿ. ಸುಮಾರು 22 ಕಿ.ಮೀ. ದಾರಿಯಲ್ಲಿ ಪಥ ಬಿಟ್ಟುಕೊಟ್ಟು ಬಸ್ಸಿಗೆ ಪ್ರತಿ ಬದಿಗೆ ಹತ್ತು ನಿಮಿಷ ಹೆಚ್ಚಾದರೆ, ಅದೇ ಒಂದೂವರೆ ನಿಮಿಷದ ಅಂತರ ಕಾಯಲು ಹೆಚ್ಚುವರಿಯಾಗಿ 13-14 ಬಸ್ಸು ಬೇಕು. ಸಿಗದಿದ್ದರೆ ಅಂತರ ಹಿಗ್ಗುತ್ತದೆ, ಜನ ಬೈಕಿಗೆ ಹೋಗುತ್ತಾರೆ, ಆ ಬೈಕು ನಿಮ್ಮ ಮುಂದೆಯೇ ನಿಲ್ಲುತ್ತದೆ. ಚಿಗರಿ 2018ರ ಅಕ್ಟೋಬರಿನಿಂದ ಓಡುತ್ತಿದೆ. ಠರಾವು ಮಾಡುವುದಾದರೆ ರಸ್ತೆ ಮಧ್ಯದ ನಿಲ್ದಾಣಕ್ಕೆ ಪಾದಚಾರಿ ಸುರಕ್ಷಿತವಾಗಿ ದಾಟುವ ಸಿಗ್ನಲ್, ಒಳ ಬಡಾವಣೆಗಳಿಂದ ನಿಲ್ದಾಣ ಮುಟ್ಟಿಸುವ ಸಣ್ಣ ಬಸ್ಸು — ಇವೆರಡಕ್ಕೆ ಮಾಡಿ.

ಪ್ರಶ್ನೆ: ನಮ್ಮ ಊರಿನ ನಿಲುಗಡೆ ಸ್ಥಳಾಂತರದ ಸುದ್ದಿ ಇದೆ. ಕಾಗದಪತ್ರ ನೋಡುವ ಹಕ್ಕು ನಮಗಿದೆಯೇ? ಹೊಸ ಜಾಗ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?
— ಹಾವೇರಿ

ಹಕ್ಕು ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಂ ಪ್ರಕಾರ, ಜನರನ್ನು ತಟ್ಟುವ ಮುಖ್ಯ ನಿರ್ಧಾರಗಳ ಎಲ್ಲ ಸಂಗತಿಗಳನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಹತ್ತು ರೂಪಾಯಿ ಶುಲ್ಕದ ಅರ್ಜಿ, 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಬದಲಿಸುತ್ತೀರಿ’ ಎಂದು ಕೇಳಿದರೆ ಉತ್ತರ ಬರದು. ಸ್ಥಳ ಪರಿಶೀಲನಾ ವರದಿ, ನಕ್ಷೆ, ಕಡತದ ಟಿಪ್ಪಣಿಗಳ ನಕಲು ಕೇಳಿ. ಕಳೆದ ಆರು ತಿಂಗಳಲ್ಲಿ ನಿಗದಿಯಾದ ಟ್ರಿಪ್ ಎಷ್ಟು, ರದ್ದಾದವು ಎಷ್ಟು ಎಂಬುದು ಬೇರೆ ವಿಷಯ, ಬೇರೆ ಅರ್ಜಿ.

ಜಾಗ ನೋಡಲು ಅಳತೆ ಟೇಪು ಸಾಕು. ವೃತ್ತ ದಾಟಿದ ಮೇಲಿನ ನಿಲುಗಡೆ ಒಳ್ಳೆಯದು. ವೃತ್ತಕ್ಕೆ ಮೊದಲೇ ಇದ್ದರೆ ಹಸಿರು ದೀಪದಲ್ಲಿ ಬಸ್ಸು ಜನ ಹತ್ತಿಸುತ್ತ ನಿಂತಿರುತ್ತದೆ, ಎಡಕ್ಕೆ ತಿರುಗುವವರು ಹಿಂದೆ ಹಾರ್ನ್ ಹೊಡೆಯುತ್ತಿರುತ್ತಾರೆ. ಬಸ್ಸು 12 ಮೀಟರ್ ಉದ್ದ, ಓರೆಯಾಗಿ ನಿಲ್ಲದಂತೆ ಮುಂದೆ ಹಿಂದೆಯೂ ಜಾಗ ಬೇಕು. ತಂಗುದಾಣ ಕಟ್ಟಿದ ಮೇಲೂ ಪಾದಚಾರಿಗೆ 1.8 ಮೀಟರ್ ಉಳಿಯಬೇಕು, ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಹೂವು-ಹಣ್ಣು ಮಾರುವವರನ್ನು ಎಬ್ಬಿಸುವ ಮಾತು ಬಂದರೆ, 2014ರ ಕಾಯ್ದೆಯಡಿ ಬೀದಿ ವ್ಯಾಪಾರಿಗಳಿಗೇ ಕನಿಷ್ಠ ಶೇ 40 ಸ್ಥಾನವಿರುವ ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ವಿಷಯ ಬರಲಿ. ಸಂಜೆ ಏಳರ ಮೇಲೆ ನಿಲ್ದಾಣದಲ್ಲಿ ದೀಪವೂ ಜನವೂ ಇರುವುದು ಅವರಿಂದಲೇ. ಇನ್ನು ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ ಹೊಸ ಜಾಗ ನೋಡಿ: ನೀರು ನಿಂತ ಕಡೆ ಬಸ್ಸು ಅಂಚಿಗೆ ಬರುವುದಿಲ್ಲ, ಜನ ನಡುರಸ್ತೆಗೆ ಇಳಿದೇ ಹತ್ತಬೇಕಾಗುತ್ತದೆ.