ಒಂಬತ್ತು ರಾತ್ರಿ ಎಲ್ಲಿ ಹೋಯ್ತು?

ನಮಸ್ಕಾರ. ಸಾವಿರ ವರ್ಷ ಹಳೇ ಕಣ್ಣಿನ ಮದ್ದಿನ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ವಿಷಯ ಒಳ್ಳೇದು, ಬರವಣಿಗೆ ಸಲೀಸಾಗಿದೆ. ಆದ್ರೆ ಈಗಿರೋ ಹಾಗೆ ಹಾಕಕ್ಕಾಗಲ್ಲ, ನಿಮ್ಮ ಎರಡನೇ ಪ್ಯಾರಾ ಓದಿ ನಂಗೆ ನಿಜವಾಗ್ಲೂ ಸಿಟ್ಟು ಬಂತು, ಅದಕ್ಕೇ ಬಿಡಿಸಿ ಬರೀತಿದೀನಿ.

ನೀವು ಬರ್ದಿರೋದು: "ಇಂಗ್ಲೆಂಡಿನ 10ನೇ ಶತಮಾನದ ಗ್ರಂಥದಲ್ಲಿ ಬೆಳ್ಳುಳ್ಳಿ, ಈರುಳ್ಳಿ, ವೈನ್, ಎತ್ತಿನ ಪಿತ್ತ ಸೇರಿಸಿದ ಮದ್ದಿದೆ." ಮುಂದಿನ ವಾಕ್ಯಕ್ಕೇ "ವಿಜ್ಞಾನ ಇದನ್ನು ಈಗ ಒಪ್ಪಿಕೊಂಡಿದೆ" ಅಂತ ಹಾರಿಬಿಟ್ರಿ. ನೀವು ಹೇಳೋ ಆ ಗ್ರಂಥ, ಬಾಲ್ಡ್ಸ್ ಲೀಚ್‌ಬುಕ್ ಅನ್ನೋ ಹಳೇ ವೈದ್ಯ ಪುಸ್ತಕ, ಅದರಲ್ಲಿ ಏನಿದೆ ನೋಡಿ. ಬೆಳ್ಳುಳ್ಳಿ ಮತ್ತೆ ಈರುಳ್ಳಿ ಜಾತಿಯದೊಂದು ಸಮಸಮ ತಗೊಂಡು ಚೆನ್ನಾಗಿ ಜಜ್ಜು, ವೈನು ಪಿತ್ತನೂ ಸಮ ಹಾಕು, ಹಿತ್ತಾಳೆ ಪಾತ್ರೇಲಿ ಒಂಬತ್ತು ರಾತ್ರಿ ಇಡು, ಬಟ್ಟೇಲಿ ಹಿಂಡಿ ಸೋಸು, ಕೊಂಬಲ್ಲಿ ತುಂಬಿಟ್ಕೊಂಡು ರಾತ್ರಿ ಹೊತ್ತು ಗರಿಯಿಂದ ಹಚ್ಚು. ಆ ಒಂಬತ್ತು ರಾತ್ರಿ ನಿಮ್ಮ ಲೇಖನದಲ್ಲಿ ಎಲ್ಲಿ ಹೋಯ್ತು? ಹಿತ್ತಾಳೆ ಎಲ್ಲಿ? 2015ರಲ್ಲಿ ನಾಟಿಂಗ್‌ಹ್ಯಾಮ್ ಯೂನಿವರ್ಸಿಟಿಯವರು ಅದನ್ನ ಮತ್ತೆ ತಯಾರಿಸಿದಾಗ ಗಾಜಿನ ಬಾಟಲಿಗೆ ಹಿತ್ತಾಳೆ ತುಂಡು ಹಾಕಿ ಒಂಬತ್ತು ದಿನ ಕಾದ್ರು. ಹಳೇ ಇಂಗ್ಲಿಷಿನ ಒಂದು ಪದ ಈರುಳ್ಳಿನೋ, ಅದೇ ಜಾತಿಯ ಲೀಕ್ ಅನ್ನೋ ತರಕಾರಿನೋ ಗೊತ್ತಾಗ್ದೆ ಎರಡನ್ನೂ ಬೇರೆಬೇರೆ ಮಾಡಿ ನೋಡಿದ್ರು, ಸೊಪ್ಪುಗೆಡ್ಡೆ ಇಲ್ಲದ ಇನ್ನೊಂದನ್ನ ಹೋಲಿಕೆಗೆ ಇಟ್ಕೊಂಡ್ರು. ನಿಮ್ಮ ಕಥೆ ಇರೋದೇ ಅಲ್ಲಿ, ಅದನ್ನೇ ಕತ್ತರಿಸಿ ಎಸೆದಿದೀರಲ್ಲ!

ಇನ್ನು "ವಿಜ್ಞಾನ ಒಪ್ಪಿಕೊಂಡಿದೆ" ಅಂದ್ರೆ ಯಾರು, ಏನನ್ನ ಒಪ್ಕೊಂಡ್ರು? ಅವರು ನೋಡಿದ್ದು ಔಷಧಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಮೇಲೆ, ಲ್ಯಾಬಲ್ಲಿ, ಆಮೇಲೆ ಇಲಿಗಳ ಗಾಯದ ಮೇಲೆ, ಅಲ್ಲಿ ಸುಮಾರು 90% ಬ್ಯಾಕ್ಟೀರಿಯಾ ಸತ್ತವು. 2020ರಲ್ಲಿ ವಾರಿಕ್ ಯೂನಿವರ್ಸಿಟಿಯ ಕೆಲಸದಲ್ಲಿ ಇನ್ನೂ ಒಂದು ಸಂಗತಿ ಕಾಣ್ತು, ಒಂದಕ್ಕೊಂದು ಅಂಟ್ಕೊಂಡು ಪದರ ಕಟ್ಟಿದ ಬ್ಯಾಕ್ಟೀರಿಯಾಗೆ ಬರೀ ಬೆಳ್ಳುಳ್ಳಿ ಸಾಲಲ್ಲ, ನಾಲ್ಕೂ ಸೇರಬೇಕು. ಇಷ್ಟರಿಂದ "ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತು" ಅನ್ನೋ ನಿಮ್ಮ ಕೊನೇ ವಾಕ್ಯ ಹೇಗೆ ಬಂತು? ಅದೇ ಕೈಬರಹದ ಹೊತ್ತಿಗೆಯಲ್ಲಿ ಎಲ್ಫ್ ಅನ್ನೋ ಕಾಣದ ಜೀವಿಗಳ ಕಾಟಕ್ಕೂ ಮದ್ದು ಇದೆ. ಅದನ್ನ ಯಾಕೆ ಬಿಟ್ರಿ?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮೂರಲ್ಲಿ ಕಾಮಾಲೆಗೆ ಸೊಪ್ಪು ಅರೆದು ಕೊಡ್ತಿದ್ದ ಅಜ್ಜಿ ಬಗ್ಗೆ ಹೀಗೇ ಉಬ್ಬಿ ಬರ್ದಿದ್ದೆ. ನಮ್ಮ ಹಿರಿಯ ಸಂಪಾದಕರು ಕೆಂಪು ಪೆನ್ನಲ್ಲಿ ಅಂಚಿನಲ್ಲಿ ಮೂರೇ ಪ್ರಶ್ನೆ ಬರೆದು ವಾಪಸ್ ಕೊಟ್ರು, ಎಷ್ಟು ಸೊಪ್ಪು, ಎಷ್ಟು ದಿನ, ವಾಸಿ ಆಗದವರು ಎಷ್ಟು ಜನ. ಭಾನುವಾರ ಬಸ್ ಹತ್ತಿ ಊರಿಗೆ ಹೋದೆ. ಅಜ್ಜಿ ಒಂದು ಹಿಡಿ ಸೊಪ್ಪು ತೋರಿಸಿದ್ರು, ಮೂರು ದಿನ ಬರೀ ಹೊಟ್ಟೇಲಿ ಮಜ್ಜಿಗೆ ಜೊತೆ ಅಂದ್ರು. ಮೂರನೇದು ಕೇಳಿದಾಗ ಒರಳು ತೊಳೀತಾ, "ವಾಸಿ ಆದವ್ರು ಹೇಳಕ್ ಬರ್ತಾರೆ ಮಗಾ, ಆಗ್ದಿದ್ದವ್ರು ನನ್ನತ್ರ ಯಾಕ್ ಬರ್ತಾರೆ" ಅಂದ್ರು. ಆ ಮಾತನ್ನ ಹಾಗೇ ಹಾಕಿ ಲೇಖನ ಪೂರ್ತಿ ಮತ್ತೆ ಬರ್ದೆ.

ನೀವೂ ಮತ್ತೆ ಬರೀರಿ. ಆ ಬಾಟಲಿಯೊಳಗಿನ ಹಿತ್ತಾಳೆ ತುಂಡಿಂದ ಶುರು ಮಾಡಿ, ಎಲ್ಫ್ ಮದ್ದನ್ನೂ ಸೇರಿಸಿ, ಕೊನೇ ವಾಕ್ಯ ತೆಗೀರಿ. ಮುಂದಿನ ತಿಂಗಳ ಸಂಚಿಕೆಗೆ ಎರಡು ಪುಟ ನಿಮಗೆ ಅಂತ ಇಟ್ಟಿರ್ತೀನಿ.