ಬೇಳೆ ಸಾರು ಬಿಡಬೇಡಿ, ಕಾಲು ಸೂಪ್ ಬಿಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 47 ವರ್ಷ. ಟೈಲ್ಸ್ ಅಂಗಡಿ ಇದೆ. ಕಳೆದ ತಿಂಗಳು ನೆಂಟರ ಮನೆ ಮೆಹಂದಿಗೆ ಹೋಗಿ ಬಂದರು. ಮಾರನೇ ರಾತ್ರಿ ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡಿತು. ಹೊದಿಕೆ ತಾಗಿದರೂ ಕಿರುಚುವಷ್ಟು ನೋವು. ಇದು ಎರಡನೇ ಸಲ. ಯೂರಿಕ್ ಆಸಿಡ್ 8.4 ಇದೆ, ಗೌಟ್ ಅಂದಿದ್ದಾರೆ. ಯಾರೋ ಹೇಳಿದರು ಅಂತ ತೊಗರಿಬೇಳೆ, ಹೆಸರುಕಾಳು, ಪಾಲಕ್, ಟೊಮೆಟೊ ಎಲ್ಲ ನಿಲ್ಲಿಸಿದ್ದೇನೆ. ಕೀಲಿಗೆ ಶಕ್ತಿ ಬರಲಿ ಅಂತ ಕಾಲು ಸೂಪ್ ಮಾಡಿಕೊಡುತ್ತೇನೆ. ಮೀನಿಲ್ಲದೆ ಅವರಿಗೆ ಊಟ ಸೇರುವುದಿಲ್ಲ. ಬಿಪಿ ಮಾತ್ರೆ ನಡೀತಿದೆ. ಗೌಟ್ ಮಾತ್ರೆ ಮಾತ್ರ ನೋವು ಹೋದ ಮೇಲೆ ಬಿಟ್ಟಿದ್ದಾರೆ. ಪಥ್ಯದಲ್ಲೇ ವಾಸಿ ಆಗುತ್ತಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅಮ್ಮ, ಮೊದಲು ಬೇಳೆ ಸಾರಿಗೆ ಒಗ್ಗರಣೆ ಹಾಕಿ. ನನ್ನಲ್ಲಿಗೆ ಬರುವ ಗೌಟ್ ರೋಗಿಗಳಲ್ಲಿ ಎಷ್ಟೋ ಜನ ಬೇಳೆ, ಸೊಪ್ಪು ಬಿಟ್ಟು ಸೊರಗಿರುತ್ತಾರೆ. ನೋಡಿದರೆ ಸಂಕಟವಾಗುತ್ತೆ. ಬೇಳೆಯಲ್ಲೂ ಪಾಲಕ್‌ನಲ್ಲೂ ಪ್ಯೂರಿನ್ ಇದೆ, ನಿಜ. ಅದೇ ಒಡೆದು ಯೂರಿಕ್ ಆಸಿಡ್ ಆಗುವುದೂ ನಿಜ. ಆದರೆ ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ ಬಂದಿತ್ತು. ಪ್ಯೂರಿನ್ ಇರುವ ತರಕಾರಿ, ಕಾಳು ತಿಂದವರಿಗೆ ಹಾಗಾಗಲಿಲ್ಲ. ಕೆನೆ ತೆಗೆದ ಹಾಲು, ಮೊಸರು ಬಳಸುವವರಲ್ಲಿ ಕಾಯಿಲೆ ಕಡಿಮೆಯೇ ಇತ್ತು. ಹಾಗಾಗಿ ಊಟಕ್ಕೆ ತೆಳು ಮಜ್ಜಿಗೆ ಇರಲಿ. ಟೊಮೆಟೊ ತಿಂದರೆ ನೋವು ಬರುತ್ತೆ ಅಂತ ಅವರಿಗೇ ಅನುಭವಕ್ಕೆ ಬಂದಿದ್ದರೆ ಬಿಡಲಿ, ಇಲ್ಲದಿದ್ದರೆ ಸುಮ್ನೆ ಯಾಕೆ?

ನಿಲ್ಲಿಸಬೇಕಾದದ್ದು ಆ ಕಾಲು ಸೂಪ್. ಮಾಂಸ ಬೇಯಿಸಿದಾಗ ಪ್ಯೂರಿನ್ ನೀರಿಗೆ ಇಳಿಯುತ್ತೆ. ನೀವು ಪ್ರೀತಿಯಿಂದ ಗಂಟೆಗಟ್ಟಲೆ ಕುದಿಸಿ ಕೊಡುವ ಲೋಟದಲ್ಲಿ ಅದೇ ತುಂಬಿರುತ್ತೆ. ಬೇರೆ ಕೀಲುನೋವಿನವರು ಕುಡಿದರೆ ಕುಡಿಯಲಿ, ಗೌಟ್ ಇರುವವರಿಗೆ ಬೇಡವೇ ಬೇಡ. ಲಿವರ್, ಕಿಡ್ನಿ, ಬೋಟಿಯೂ ಅಷ್ಟೇ.

ಮೆಹಂದಿಯಲ್ಲಿ ಏನೇನಿತ್ತು ಅಂತ ನೀವು ಬರೆದಿಲ್ಲ. ಕರಾವಳಿಯ ಮೆಹಂದಿ ರಾತ್ರಿಗಳು ನನಗೆ ಗೊತ್ತು. ಬಿಯರ್, ಮಟನ್, ಸೀಗಡಿ, ನಿದ್ದೆಗೇಡು, ನೀರು ಕಡಿಮೆ, ಇಷ್ಟೂ ಒಟ್ಟಿಗೆ ಸೇರಿರುತ್ತೆ. ಬಿಯರ್ ಎರಡು ಕಡೆಯಿಂದ ಕೆಡಿಸುತ್ತೆ. ಅದರಲ್ಲೇ ಪ್ಯೂರಿನ್ ಇದೆ, ಜೊತೆಗೆ ಅದರ ಆಲ್ಕೋಹಾಲ್ ಕಿಡ್ನಿಯಿಂದ ಯೂರಿಕ್ ಆಸಿಡ್ ಹೊರಹೋಗುವುದನ್ನು ತಡೆಯುತ್ತೆ. ಬಿಯರ್ ಬಿಟ್ಟು ವಿಸ್ಕಿ ಕುಡಿಯುತ್ತೇನೆ ಅನ್ನುವವರೂ ಇದ್ದಾರೆ, ಅದೂ ಸುರಕ್ಷಿತವಲ್ಲ. ಕುಡಿತವೇ ಇಲ್ಲದ ಮನೆಯವರು ಕೂಲ್‌ಡ್ರಿಂಕ್ಸ್, ಬಾಟಲಿ ಜ್ಯೂಸ್ ಕಡೆ ನೋಡಬೇಕು. ಅದರ ಫ್ರಕ್ಟೋಸ್ ದೇಹದಲ್ಲಿ ಕರಗುವಾಗ ಯೂರಿಕ್ ಆಸಿಡ್ ಹುಟ್ಟುತ್ತೆ. ಇಡೀ ಹಣ್ಣು ತಿನ್ನಲು ಅಡ್ಡಿಯಿಲ್ಲ.

ಇನ್ನು ಮೀನು. ಕುಂದಾಪುರದವರಿಗೆ ಮೀನು ಪೂರ್ತಿ ಬಿಡಿ ಅಂತ ನಾನು ಹೇಳಲಾರೆ. ಹೇಳಿದರೂ ನಡೆಯುವುದಿಲ್ಲ. ಹೃದಯಕ್ಕೆ ಮೀನಿನಿಂದ ಒಳ್ಳೆಯದೂ ಇದೆ. ಬೂತಾಯಿ, ಮಣಂಗು, ಸೀಗಡಿ ಬೇಡ. ಬಂಗುಡೆಯನ್ನೂ ತೀರಾ ಅಪರೂಪ ಮಾಡಿ. ಉಳಿದ ಮೀನಾದರೆ ವಾರಕ್ಕೆ ಒಂದೆರಡು ಸಲ, ಒಂದೊಂದು ತುಂಡು ಸಾಕು. ಸಾರನ್ನು ಸುರಿದುಕೊಳ್ಳುವ ಬದಲು ತುಂಡು ತಿನ್ನಲಿ. ಜೂನ್-ಜುಲೈನಲ್ಲಿ ಬೋಟು ಕಡಲಿಗಿಳಿಯದೆ ಹಸಿ ಮೀನು ಸಿಗದಾಗ ಒಣಮೀನಿಗೆ ಕೈ ಹೋಗುತ್ತೆ ಅಲ್ವಾ? ಒಣಗಿದಾಗ ಹೋಗುವುದು ನೀರು ಮಾತ್ರ, ಪ್ಯೂರಿನ್ ಅಲ್ಲೇ ಉಳಿಯುತ್ತೆ. ಬಿಪಿ ಇರುವವರಿಗೆ ಅದರ ಉಪ್ಪೂ ಒಳ್ಳೆಯದಲ್ಲ.

ಈಗ ನೀವು ಕೇಳಿದ ಮುಖ್ಯ ಮಾತಿಗೆ ಬರುತ್ತೇನೆ. ಯೂರಿಕ್ ಆಸಿಡ್‌ನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ದೇಹವೇ ತಯಾರಿಸುತ್ತೆ. ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ಇಳಿಯುವುದು ಹೆಚ್ಚೆಂದರೆ 1 ಅಂಶದಷ್ಟು. 8.4 ಇದ್ದದ್ದು 7.4 ಆಗಬಹುದು. ಸುಮಾರು 6.8 ದಾಟಿದರೆ ಕೀಲಿನಲ್ಲಿ ಯೂರಿಕ್ ಆಸಿಡ್‌ನ ಹರಳು ಕಟ್ಟಬಹುದು, ನಮಗೆ ಬೇಕಾದ್ದು 6ಕ್ಕಿಂತ ಕಡಿಮೆ. ಹಾಗಾಗಿ ಎರಡು ಸಲ ನೋವು ತಿಂದವರು ಪಥ್ಯ ಒಂದನ್ನೇ ನಂಬಿ ಕೂರಬಾರದು. ನೋವು ಹೋಗಿದೆ, ಹರಳು ಹೋಗಿಲ್ಲ. ಯೂರಿಕ್ ಆಸಿಡ್ ಇಳಿಸುವ ಅಲೊಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಥರದ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗಬಹುದು. ಶುರು ಮಾಡಿದ ಮೊದಲ ಕೆಲವು ತಿಂಗಳು ಹಳೇ ಹರಳು ಕರಗುತ್ತಾ ಮತ್ತೆ ನೋವು ಕೊಡಬಹುದು. ಮಾತ್ರೆಯೇ ಆಗಿಬರುತ್ತಿಲ್ಲ ಅಂತ ಜನ ಬಿಡುವುದು ಆಗಲೇ. ಬಿಡಬಾರದು. ಆ ನೋವು ತಡೆಯಲು ಜೊತೆಗೆ ಕಡಿಮೆ ಪ್ರಮಾಣದ ಕಾಲ್ಚಿಸಿನ್ ಕೊಡುತ್ತಾರೆ.

ಬಿಪಿ ಮಾತ್ರೆಯ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ. ಹೈಡ್ರೋಕ್ಲೋರೋಥಯಾಜೈಡ್ ಸೇರಿದ್ದರೆ ಅದು ಯೂರಿಕ್ ಆಸಿಡ್ ಏರಿಸುತ್ತೆ. ಲೊಸಾರ್ಟಾನ್ ಸ್ವಲ್ಪ ಇಳಿಸುತ್ತೆ. ಬದಲಾಯಿಸುವುದು ಅವರ ಕೆಲಸ, ನೀವಾಗಿಯೇ ನಿಲ್ಲಿಸಬೇಡಿ. ತೂಕ ಜಾಸ್ತಿ ಇದ್ದರೆ ನಿಧಾನಕ್ಕೆ ಇಳಿಸಲಿ. ದಿನಗಟ್ಟಲೆ ಉಪವಾಸ ಮಾಡಿದರೆ ಯೂರಿಕ್ ಆಸಿಡ್ ಏರಿ ನೋವು ಕೆರಳುತ್ತೆ.

ಪ್ರಶ್ನೆ: ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 7.4 ಬಂದಿದೆ. ನೋವು ಏನೂ ಇಲ್ಲ. ಮಾತ್ರೆ ಬೇಕಾ?
– ಓದುಗರು, ಹಾಸನ

ಉತ್ತರ: ಕೀಲುನೋವು ಬಂದೇ ಇಲ್ಲ, ಕಿಡ್ನಿಯಲ್ಲಿ ಕಲ್ಲೂ ಇಲ್ಲ ಅಂದರೆ ಸಾಮಾನ್ಯವಾಗಿ ಬೇಡ. ಬಿಪಿ, ಶುಗರ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಿಸಿ. ಬಿಯರ್, ಕೂಲ್‌ಡ್ರಿಂಕ್ಸ್ ಅಭ್ಯಾಸ ಇದ್ದರೆ ಬಿಡಿ. ಬೇಳೆ ನೀವೂ ತಿನ್ನಿ.